ನಾಬ್ ತಿರುಗಿಸಿದ ಕೈ

ಅಕ್ಕಪಕ್ಕ ಯಾರೂ ಇಲ್ಲ ಅಂತ ಒಮ್ಮೆ ನೋಡ್ಕೊಳ್ಳಿ. ಈಗ ಯಾವುದಾದರೂ ಒಂದು ಶ್ರುತಿ ಹಿಡಿದು 'ಊ' ಅಂತ ಶುರು ಮಾಡಿ. ನಡುವೆ ನಿಲ್ಲಿಸದೆ, ಶ್ರುತಿಯನ್ನೂ ಬದಲಿಸದೆ, ನಿಧಾನವಾಗಿ 'ಓ', 'ಆ', 'ಏ', 'ಈ' ತನಕ ಹೋಗಿ. ಆಯ್ತಾ? ಗಂಟಲು ಮೊದಲಿಂದ ಕೊನೆತನಕ ಒಂದೇ ಕೆಲಸ ಮಾಡ್ತಾ ಇತ್ತು. ಆದರೂ ದನಿ ಐದು ವೇಷ ಹಾಕಿತು. ವೇಷ ಹಾಕಿಸಿದ್ದು ಬಾಯಿ. ಗಂಟಲಿಂದ ಹೊರಡುವ ದನಿಯೊಳಗೆ ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಹತ್ತಾರು ಕಂಪನಗಳು ಸೇರಿಕೊಂಡಿರುತ್ತವೆ. ಬಾಯಿ ಅವುಗಳಲ್ಲಿ ಕೆಲವನ್ನು ಬಿಡುತ್ತದೆ, ಕೆಲವನ್ನು ತಡೆಯುತ್ತದೆ. ಎಂಜಿನಿಯರ್‌ಗಳು ಇದನ್ನೇ ಫಿಲ್ಟರ್ ಅಂತಾರೆ.

ಫಿಲ್ಟರ್ ಅಂದಕೂಡಲೇ ನಮ್ಮ ಕಡೆಯವರಿಗೆ ಕಾಫಿ ನೆನಪಾಗುತ್ತದೆ, ತಪ್ಪೇನಿಲ್ಲ. ಕೆಲಸ ಅದೇ. ಆದರೆ ಕಾಫಿ ಫಿಲ್ಟರಿನ ತೂತು ಡಿಕಾಕ್ಷನ್ ಇಳಿಯುವಾಗ ಹಿಗ್ಗೋದೂ ಇಲ್ಲ, ಕುಗ್ಗೋದೂ ಇಲ್ಲ. ಬಾಯಿ ಹಾಗಲ್ಲ, ಪ್ರತಿ ಕ್ಷಣ ಬದಲಾಗುತ್ತಾ ಇರುತ್ತದೆ. ಮೋರ್ಸಿಂಗ್ ನುಡಿಸೋರನ್ನ ನೋಡಿದ್ದೀರಲ್ಲ? ಹಲ್ಲಿಗೆ ಒತ್ತಿ ಹಿಡಿದ ಆ ಪುಟ್ಟ ಕಬ್ಬಿಣದ ನಾಲಗೆಗೆ ಇರೋದು ಒಂದೇ ಶ್ರುತಿ. ತನಿ ಆವರ್ತನದಲ್ಲಿ ಅದು ಮೃದಂಗದ ಜೊತೆ ಮಾತಾಡುತ್ತೆ, ಜಗಳ ಆಡುತ್ತೆ, ನಗುತ್ತೆ. ಅಷ್ಟನ್ನೂ ಬಾಯಿ, ನಾಲಗೆ, ಉಸಿರು ಸೇರಿ ಮಾಡುತ್ತವೆ.

ಸಿಂಥಸೈಜರ್ ಅನ್ನೋ ಯಂತ್ರದ ಚರಿತ್ರೆ ಹೇಳುವಾಗ ಎಲ್ಲರೂ ದನಿ ಹುಟ್ಟಿಸುವ ಭಾಗದಿಂದ, ಅಂದರೆ ಆಸಿಲೇಟರ್‌ನಿಂದ ಶುರು ಮಾಡ್ತಾರೆ. ನನಗೆ ಅದು ಅಷ್ಟು ಕುತೂಹಲದ ಭಾಗ ಅನಿಸೋದಿಲ್ಲ. ಕರೆಂಟಿನಿಂದ 'ಗುಂಯ್' ಅನ್ನಿಸೋದು ಇಪ್ಪತ್ತನೇ ಶತಮಾನದ ಆರಂಭಕ್ಕೇ ಗೊತ್ತಿತ್ತು. ಆ 'ಗುಂಯ್' ಜೀವ ಇರೋ ಹಾಗೆ ಕೇಳಿಸಬೇಕಾದರೆ ಅದು ಕಾಲದ ಜೊತೆ ಬದಲಾಗಬೇಕು. ಹಾಗೆ ಬದಲಿಸುವವರು ಯಾರು? ಮನುಷ್ಯನ ಕೈಯಾ, ಇನ್ನೊಂದು ಯಂತ್ರವಾ? ಈ ಪ್ರಶ್ನೆಯ ಹಿಂದೆ ಹೋದರೆ ಚರಿತ್ರೆ ಬೇರೆ ಥರ ಕಾಣುತ್ತದೆ, ಮತ್ತು ನಾವು ಹೆಸರೇ ಕೇಳಿರದ ಕೆಲವರು ಎದುರಾಗುತ್ತಾರೆ.

1939ಕ್ಕೆ ಹೋಗೋಣ. ನ್ಯೂಯಾರ್ಕಿನ ವಿಶ್ವಮೇಳ. ಅಮೆರಿಕದ ದೂರವಾಣಿ ಉದ್ಯಮದ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್ ಅಲ್ಲಿ 'ವೋಡರ್' ಅನ್ನೋ ಮಾತಾಡುವ ಯಂತ್ರವನ್ನು ತಂದಿಟ್ಟಿತ್ತು. ಮಾಡಿದವರು ಹೋಮರ್ ಡಡ್ಲಿ ಎಂಬ ಎಂಜಿನಿಯರ್. ಯಂತ್ರದೊಳಗೆ ಎರಡೇ ದನಿ: ಗಂಟಲಿನ ಹಾಗೆ ಗುಂಯ್‌ಗುಡುವುದು ಒಂದು, 'ಸ್ಸ್' ಅನ್ನುವುದು ಇನ್ನೊಂದು. ಮಿಕ್ಕಿದ್ದು ಹತ್ತು ಫಿಲ್ಟರುಗಳು. ಯಂತ್ರದ ಮುಂದೆ ಒಬ್ಬ ಹುಡುಗಿ ಕೂತಿರುತ್ತಿದ್ದಳು. ಹತ್ತು ಬೆರಳಿಗೆ ಹತ್ತು ಕೀಲಿ, ಮಣಿಕಟ್ಟಿನ ಕೆಳಗೆ ಆ ಎರಡು ದನಿಗಳ ನಡುವೆ ಬದಲಿಸುವ ಒಂದು ಪಟ್ಟಿ, ಕಾಲಿಗೆ ಶ್ರುತಿ ಏರಿಳಿಸುವ ಪೆಡಲ್. ಅವಳು ನುಡಿಸಿದರೆ ಯಂತ್ರ ಇಂಗ್ಲಿಷ್ ಮಾತಾಡುತ್ತಿತ್ತು. ಒಂದೇ ವಾಕ್ಯವನ್ನು ಪ್ರಶ್ನೆಯ ಹಾಗೆ, ಉತ್ತರದ ಹಾಗೆ, ಬೇರೆ ಬೇರೆ ಪದಕ್ಕೆ ಒತ್ತು ಕೊಟ್ಟು ಹೇಳುತ್ತಿತ್ತು.

ಇದನ್ನು ಕಲಿಯೋಕೆ ಸುಮಾರು ಒಂದು ವರ್ಷ ಬೇಕಾಗುತ್ತಿತ್ತು. ಪಿಯಾನೋ ಕಲಿತ ಹಾಗೆಯೇ. ವೋಡರ್ ನುಡಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಹೆಲೆನ್ ಹಾರ್ಪರ್. ಡಡ್ಲಿ ಹೆಸರು ಪಠ್ಯಪುಸ್ತಕಗಳಲ್ಲಿದೆ, ಹಾರ್ಪರ್ ಹೆಸರನ್ನು ಹುಡುಕಿಕೊಂಡು ಹೋಗಬೇಕು. ಮೇಳಕ್ಕೆ ಬಂದ ಜನ 'ಯಂತ್ರ ಮಾತಾಡಿತು' ಅಂತ ಬೆರಗಾಗಿ ಮನೆಗೆ ಹೋದರು. ಮಾತಾಡಿದ್ದು ಅವಳ ಬೆರಳು. ಮನುಷ್ಯರ ಬಾಯಿ ಸೆಕೆಂಡಿಗೆ ಹತ್ತಾರು ಸಲ ಮಾಡುವ ಫಿಲ್ಟರ್ ಕೆಲಸವನ್ನು ಹತ್ತು ಬೆರಳಿಗೆ ಹಂಚಿ, ತಪ್ಪದೆ ಮಾಡುವುದನ್ನ ಅಭ್ಯಾಸ ಮಾಡಿದ್ದಳು. ಇದು ಸಂಗೀತ ಅಲ್ಲದಿದ್ದರೆ ಯಾವುದು ಸಂಗೀತ ಅಂತ ನನಗಂತೂ ಗೊತ್ತಿಲ್ಲ.

ಇಪ್ಪತ್ತೈದು ವರ್ಷ ಮುಂದಕ್ಕೆ. 1964ರ ಬೇಸಿಗೆ, ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಅನ್ನೋ ಸಣ್ಣ ಊರು. ರಾಬರ್ಟ್ ಮೂಗ್ ಎಂಬ ಮೂವತ್ತರ ಎಂಜಿನಿಯರ್ ಥೆರಮಿನ್ ಅನ್ನೋ ವಾದ್ಯದ ಕಿಟ್ ಮಾರಿಕೊಂಡಿದ್ದ. (ಮೂಗ್ ಅಂತಲೋ ಮೋಗ್ ಅಂತಲೋ ಅನ್ನೋ ಜಗಳ ಅಭಿಮಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಅವರ ಮನೆಯವರು ಅನ್ನೋದು 'ಮೋಗ್'. ನಮ್ಮಲ್ಲಿ ರೂಢಿಯಾಗಿರೋದು 'ಮೂಗ್', ಇರ್ಲಿ ಬಿಡಿ, ದನಿ ಬರೋದು ಅಲ್ಲಿಂದಲೂ ತಾನೇ.) ಸಂಗೀತ ಸಂಯೋಜಕ ಹರ್ಬರ್ಟ್ ಡಾಯ್ಚ್ ಅವನ ವರ್ಕ್‌ಶಾಪಿಗೆ ಬಂದು ಕೂತ. ಇಬ್ಬರೂ ಸೇರಿ ಒಂದು ಸರಳವಾದ ಉಪಾಯವನ್ನ ಗಟ್ಟಿ ಮಾಡಿದರು: ಕೈ ಮಾಡುವ ಕೆಲಸವನ್ನು ವೋಲ್ಟೇಜ್ ಮಾಡಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಹಳೆಯ ಸ್ಟುಡಿಯೋಗಳಲ್ಲಿ ಶ್ರುತಿ ಬದಲಿಸಬೇಕಾದರೆ ಒಬ್ಬರು ನಾಬ್ ತಿರುಗಿಸಬೇಕಿತ್ತು. ಮೂಗ್ ಮಾಡಿದ ಆಸಿಲೇಟರಿಗೆ ಒಂದು ವೋಲ್ಟ್ ಹೆಚ್ಚು ಕೊಟ್ಟರೆ ಶ್ರುತಿ ಒಂದು ಸ್ಥಾಯಿ ಮೇಲೇರುತ್ತಿತ್ತು. ವೋಲ್ಟೇಜ್ ಎಲ್ಲಿಂದ ಬಂತು ಅನ್ನೋದು ಅದಕ್ಕೆ ಬೇಕಿಲ್ಲ. ಕೀಬೋರ್ಡಿಂದ ಬರಲಿ, ಇನ್ನೊಂದು ಆಸಿಲೇಟರಿಂದ ಬರಲಿ. ಹಾಗಾಗಿ ನಿಧಾನವಾಗಿ ಏರಿಳಿಯುವ ಒಂದು ಅಲೆಯನ್ನು ತಂದು ಶ್ರುತಿಗೆ ಸಿಕ್ಕಿಸಿದರೆ ದನಿ ನಡುಗುತ್ತದೆ. ಜೋರಿಗೆ ಸಿಕ್ಕಿಸಿದರೆ ದನಿ ಉಬ್ಬಿ ಇಳಿಯುತ್ತದೆ. ಒಂದು ಸದ್ದು ಇನ್ನೊಂದು ಸದ್ದಿಗೆ ಕೈ ಆಗೋದು, ಇದೇ ಮಾಡ್ಯುಲೇಶನ್. ಹತ್ತು ಸೆಕೆಂಡಿಗೊಮ್ಮೆ ಏರಿ ಇಳಿಯುವ ಅಲೆ ಕಿವಿಗೆ ಸದ್ದಾಗಿ ಕೇಳಿಸೋದೇ ಇಲ್ಲ. ಅದು ಬೇರೆ ಸದ್ದನ್ನು ತಿದ್ದುವುದಷ್ಟೇ ಕೇಳಿಸುತ್ತದೆ.

ಕೀಲಿ ಒತ್ತಿದಾಗ ಸ್ವರ ಹೇಗೆ ಹುಟ್ಟಬೇಕು, ಹೇಗೆ ಸಾಯಬೇಕು ಅನ್ನೋದಕ್ಕೂ ಒಂದು ದಾರಿ ಬೇಕಿತ್ತು. ಡಾಯ್ಚ್ ಕೇಳಿದ್ದಕ್ಕೆ ಮೂಗ್ ಅವನನ್ನು ಹಾರ್ಡ್‌ವೇರ್ ಅಂಗಡಿಗೆ ಕಳಿಸಿ ಮನೆಬಾಗಿಲಿಗೆ ಹಾಕೋ ಡೋರ್‌ಬೆಲ್ ಬಟನ್ ತರಿಸಿದನಂತೆ. ಅದನ್ನು ಒತ್ತಿದರೆ ವೋಲ್ಟೇಜ್ ಏರುತ್ತೆ, ಬಿಟ್ಟರೆ ಇಳಿಯುತ್ತೆ. ಮರುವರ್ಷ, ನ್ಯೂಯಾರ್ಕಿನ ಕೊಲಂಬಿಯಾ–ಪ್ರಿನ್ಸ್‌ಟನ್ ಎಲೆಕ್ಟ್ರಾನಿಕ್ ಮ್ಯೂಸಿಕ್ ಸೆಂಟರಿನ ವ್ಲಾದಿಮಿರ್ ಉಸಚೆವ್‌ಸ್ಕಿ ಇದಕ್ಕೊಂದು ಶಿಸ್ತು ತಂದರು. ಏರುವುದಕ್ಕೆ ಇಷ್ಟು ಹೊತ್ತು, ತುಸು ಇಳಿಯುವುದಕ್ಕೆ ಇಷ್ಟು ಹೊತ್ತು, ನಿಲ್ಲುವ ಮಟ್ಟ ಇದು, ಬಿಟ್ಟ ಮೇಲೆ ಆರುವುದಕ್ಕೆ ಇಷ್ಟು ಹೊತ್ತು, ಹೀಗೆ ನಾಲ್ಕು ಭಾಗ. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿರುವ ಯಾವ ಮ್ಯೂಸಿಕ್ ಸಾಫ್ಟ್‌ವೇರ್ ತೆಗೆದರೂ ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಅಂತ ನಾಲ್ಕು ನಾಬ್ ಸಾಲಾಗಿ ಕಾಣುತ್ತವಲ್ಲ, ಅವು ಅಲ್ಲಿಂದ ಬಂದವು.

ಇಷ್ಟೆಲ್ಲ ಆದರೂ ಆ ದನಿಗೆ ಬಾಯಿ ಇರಲಿಲ್ಲ. ಅದು ಬಂದಿದ್ದು ಮೂಗ್ 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಫಿಲ್ಟರಿನಿಂದ. ಪೇಟೆಂಟ್ ಸಿಕ್ಕಿದ್ದು 1969ರ ಅಕ್ಟೋಬರಲ್ಲಿ. ಟ್ರಾನ್ಸಿಸ್ಟರುಗಳನ್ನು ಜೋಡಿ ಜೋಡಿಯಾಗಿ ಒಂದರ ಮೇಲೊಂದು ಜೋಡಿಸಿ, ನಡುವೆ ಕೆಪಾಸಿಟರುಗಳನ್ನು ಅಡ್ಡ ಇಟ್ಟರೆ ನಕ್ಷೆ ಥೇಟ್ ಏಣಿಯ ಹಾಗೆ ಕಾಣುತ್ತದೆ. ಅದಕ್ಕೇ 'ಲ್ಯಾಡರ್ ಫಿಲ್ಟರ್' ಅನ್ನೋ ಹೆಸರು. ನಾಲ್ಕು ಮೆಟ್ಟಿಲು. 110 ಹರ್ಟ್ಸ್‌ನ ಒಂದು ಗರಗಸದಲೆಯನ್ನು ಒಳಗೆ ಬಿಟ್ಟಿದ್ದೀರಿ ಅಂದ್ಕೊಳ್ಳಿ. ಅದರಲ್ಲಿ 220, 330, 440 ಹೀಗೆ ಮೇಲಿನ ಕಂಪನಗಳೆಲ್ಲ ತುಂಬಿರುತ್ತವೆ. ಫಿಲ್ಟರನ್ನು 440ಕ್ಕೆ ಇಟ್ಟರೆ ಅದಕ್ಕಿಂತ ಕೆಳಗಿನವು ಹೆಚ್ಚುಕಮ್ಮಿ ಹಾಗೇ ಹೊರಬರುತ್ತವೆ. ಮೇಲಿನವು, ಸ್ಥಾಯಿ ಒಂದೊಂದು ಏರಿದ ಹಾಗೆ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತಾ ಹೋಗುತ್ತವೆ. ಆ 440 ಅನ್ನೋ ಗೆರೆಯನ್ನು ನಾಬ್‌ನಿಂದಲೂ ಸರಿಸಬಹುದು, ವೋಲ್ಟೇಜಿನಿಂದಲೂ ಸರಿಸಬಹುದು. ಸರಿಸಿದಾಗ ದನಿ 'ಊ'ನಿಂದ 'ಆ'ಗೆ ಬಾಯಿ ತೆರೆಯುತ್ತದೆ.

ಇನ್ನೊಂದು ನಾಬ್ ಇದೆ, ರೆಸೊನೆನ್ಸ್. ಫಿಲ್ಟರಿನಿಂದ ಹೊರಬಂದದ್ದನ್ನು ಒಂದಿಷ್ಟು ಮತ್ತೆ ಒಳಕ್ಕೇ ಕಳಿಸುವುದು. ಹಾಗೆ ಮಾಡಿದರೆ ಗೆರೆಯ ಆಸುಪಾಸಿನ ಕಂಪನಗಳು ಮಿಕ್ಕವಕ್ಕಿಂತ ಜೋರಾಗಿ ಎದ್ದು ಕೇಳುತ್ತವೆ. ಆಗ ಗೆರೆ ಸರಿಸಿದರೆ ಆ ಮೇಲಿನ ಕಂಪನಗಳು ಒಂದೊಂದಾಗಿ ಬೆಳಗಿ ಆರುವುದು ಕೇಳಿಸುತ್ತದೆ. ತಂಬೂರಿಯ ತಂತಿಯ ಕೆಳಗೆ ಒಂದೆಳೆ ನೂಲು ತೂರಿಸಿ ಕೂದಲೆಳೆಯಷ್ಟು ಸರಿಸಿದಾಗ ದನಿ ಅರಳುತ್ತದಲ್ಲ, ಕಿವಿಗೆ ಅದರ ಹತ್ತಿರದ ನೆಂಟ ಇದು. ಅತಿಯಾಗಿ ಕೊಟ್ಟರೆ ಫಿಲ್ಟರ್ ತಾನೇ ಸಿಳ್ಳೆ ಹೊಡೆಯೋಕೆ ಶುರು ಮಾಡುತ್ತೆ. ನನ್ನ ಹತ್ರ ಒಂದು ಸೆಕೆಂಡ್‌ಹ್ಯಾಂಡ್ ಸಿಂಥ್ ಇದೆ. ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಇಲ್ಲದೆ ಇದನ್ನು ಮಾಡಿದಾಗ ಅಡುಗೆಮನೆಯಿಂದ ಅಮ್ಮ ಕೂಗಿ ಕೇಳಿದ್ದು: "ಕುಕ್ಕರ್ ನಾನಿನ್ನೂ ಇಟ್ಟೇ ಇಲ್ವಲ್ಲೋ, ಎಲ್ಲಿ ಕೂಗ್ತಾ ಇದೆ?"

ಅಮೆರಿಕದ ಇನ್ನೊಂದು ತೀರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕಡೆ, ಡಾನ್ ಬುಕ್ಲಾ ಎಂಬಾತ ಇದೇ ಹೊತ್ತಿಗೆ ಬೇರೆಯದೇ ಯಂತ್ರ ಮಾಡುತ್ತಿದ್ದ. ಪಿಯಾನೋ ಥರದ ಕಪ್ಪುಬಿಳುಪು ಕೀಲಿಮಣೆಯೇ ಬೇಡ ಅಂದವನು. ಮೂಗ್ ದಟ್ಟ ದನಿಯಿಂದ ಶುರು ಮಾಡಿ ಕಳೆಯುತ್ತಾ ಹೋದರೆ, ಬುಕ್ಲಾ ಸರಳ ದನಿಯಿಂದ ಶುರು ಮಾಡಿ ಅದನ್ನು ಮಡಚಿ ತಿರುಚಿ ಕೂಡಿಸುತ್ತಾ ಹೋದ. ಸಿಂಥ್ ಚರಿತ್ರೆಯ ಪುಸ್ತಕಗಳು ಈಸ್ಟ್ ಕೋಸ್ಟ್, ವೆಸ್ಟ್ ಕೋಸ್ಟ್ ಅಂತ ಇದನ್ನೇ ಪುಟಗಟ್ಟಲೆ ಎಳೆಯುತ್ತವೆ. 1968ರಲ್ಲಿ ವೆಂಡಿ ಕಾರ್ಲೋಸ್ ಮೂಗ್ ಯಂತ್ರದಲ್ಲಿ ಬಾಖ್‌ನ ಸಂಗೀತವನ್ನು ಒಂದೊಂದೇ ಸಾಲಾಗಿ ನುಡಿಸಿ ಟೇಪಿನ ಮೇಲೆ ಪೇರಿಸಿ 'ಸ್ವಿಚ್ಡ್-ಆನ್ ಬಾಖ್' ತಂದರು. ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಸಾಧ್ಯ, ಅದಕ್ಕೇ ಆ ಪೇರಿಸುವಿಕೆ. ಆ ರೆಕಾರ್ಡ್ ಮೂರು ಗ್ರ್ಯಾಮಿ ಗೆದ್ದಿತು, ಮೂಗ್ ಮನೆಮಾತಾದ. ಸಾಮಾನ್ಯವಾಗಿ ಚರಿತ್ರೆ ಇಲ್ಲಿಂದ ನೇರವಾಗಿ ಲಂಡನ್ನಿಗೋ ಜರ್ಮನಿಗೋ ಹಾರುತ್ತದೆ.

ನಾವು ಅಹಮದಾಬಾದಿಗೆ ಹೋಗೋಣ.

1969. ಆಗಸ್ಟ್ 15ರಂದು ಇಸ್ರೋ ಹುಟ್ಟಿತು, ಹುಟ್ಟಿಸಿದವರು ವಿಕ್ರಮ್ ಸಾರಾಭಾಯಿ. ಬೆಂಗಳೂರಿನಲ್ಲಿ ಇಸ್ರೋ ಅಂದರೆ ಯಾರಿಗೂ ಪರಿಚಯ ಬೇಕಿಲ್ಲ. ಆದರೆ ಅದೇ ವರ್ಷ, ಅದೇ ಸಾರಾಭಾಯಿ ಮನೆತನದ ನಂಟಿನಿಂದ ಭಾರತಕ್ಕೆ ಇನ್ನೊಂದು ಯಂತ್ರವೂ ಬಂತು. ವಿಕ್ರಮ್ ಅವರ ಅಕ್ಕ ತಂಗಿಯರಲ್ಲಿ ಗೀತಾ ಸಾರಾಭಾಯಿ ಸಂಗೀತಗಾರ್ತಿ. 1946ರಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ ಸಂಯೋಜಕ ಜಾನ್ ಕೇಜ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿದ್ದರು: ನಾನು ನಿನಗೆ ಭಾರತೀಯ ಸಂಗೀತ ಹೇಳಿಕೊಡ್ತೀನಿ, ನೀನು ನನಗೆ ಪಾಶ್ಚಾತ್ಯರ ಕೌಂಟರ್‌ಪಾಯಿಂಟ್ ಹೇಳಿಕೊಡು. ದುಡ್ಡಿನ ಮಾತಿಲ್ಲ. ಕೇಜ್‌ನ ಆಪ್ತ ಪಿಯಾನೋ ವಾದಕ ಡೇವಿಡ್ ಟ್ಯೂಡರ್. 1952ರಲ್ಲಿ ವೇದಿಕೆ ಮೇಲೆ ಒಂದೂ ಸ್ವರ ನುಡಿಸದೆ ಕೂತು, ಕೇಜ್‌ನ ಮೌನದ ಕೃತಿಯನ್ನ ಮೊದಲ ಸಲ ಪ್ರದರ್ಶಿಸಿದವರು ಇವರೇ. ಈ ಟ್ಯೂಡರ್ 1969ರಲ್ಲಿ ಅಹಮದಾಬಾದಿಗೆ ಬಂದು, ಗೌತಮ್ ಮತ್ತು ಗಿರಾ ಸಾರಾಭಾಯಿ ಕಟ್ಟಿ ಬೆಳೆಸಿದ್ದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ, ಅಂದರೆ ಎನ್‌ಐಡಿಯಲ್ಲಿ, ಒಂದು ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋ ಸಜ್ಜು ಮಾಡಿದರು. ನಡುವೆ ಕೂತಿದ್ದದ್ದು ಬೀರುವಿನಂಥ ಮೂಗ್ ಮಾಡ್ಯುಲರ್ ಸಿಂಥಸೈಜರ್. ಹಳೇ ಟೆಲಿಫೋನ್ ಎಕ್ಸ್‌ಚೇಂಜಿನ ಹಾಗೆ ವೈರುಗಳನ್ನು ಇಲ್ಲಿಂದ ತೆಗೆದು ಅಲ್ಲಿಗೆ ಸಿಕ್ಕಿಸುತ್ತಾ ದನಿ ಕಟ್ಟುವ ಯಂತ್ರ.

ಸ್ವಲ್ಪ ಯೋಚಿಸಿ ನೋಡಿ. ಮನೆಗೆ ಫೋನ್ ಬೇಕು ಅಂದರೆ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ. ಟೀವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಅಂಥ ಹೊತ್ತಲ್ಲಿ ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಎಂಬ ಐವರು ಆ ಯಂತ್ರದ ಮುಂದೆ ಕೂತು ಫಿಲ್ಟರ್ ತಿರುಗಿಸುತ್ತಿದ್ದರು. ಜೋಶಿಪುರ ಆಗಿನ್ನೂ ಹರೆಯದ ಹುಡುಗ. ಮುಂದಿನ ಮೂರು ವರ್ಷ, 1972ರ ತನಕ, ಅವರು ಮಾಡಿದ್ದು ಟೇಪುಗಳಲ್ಲಿ ಉಳಿಯಿತು. ಆಮೇಲೆ ಸ್ಟುಡಿಯೋ ನಿಂತುಹೋಯಿತು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ಸೇರಿಕೊಂಡವು, ಜನ ಮರೆತರು.

ಎಷ್ಟರಮಟ್ಟಿಗೆ ಮರೆತರು ಅಂದರೆ, ಪಾಲ್ ಪರ್ಗಸ್ ಎಂಬ ಬ್ರಿಟಿಷ್ ಕಲಾವಿದ ಹುಡುಕಿಕೊಂಡು ಬಂದು ಆ ಪೆಟ್ಟಿಗೆಗಳನ್ನು ತೆಗೆಯುವ ಹೊತ್ತಿಗೆ 2017 ಆಗಿತ್ತು. 2020ರಲ್ಲಿ ಬಿಬಿಸಿ ರೇಡಿಯೋದಲ್ಲಿ ಅದರ ಬಗ್ಗೆ ಕಾರ್ಯಕ್ರಮ ಬಂತು, 2023ರಲ್ಲಿ 'ದಿ ಎನ್‌ಐಡಿ ಟೇಪ್ಸ್' ಅನ್ನೋ ಹೆಸರಲ್ಲಿ ಆಯ್ದ ರೆಕಾರ್ಡಿಂಗುಗಳು ಹೊರಬಂದವು. ಅರ್ಧ ಶತಮಾನ! ನಡುವಿನ ಐವತ್ತು ವರ್ಷದಲ್ಲಿ ಬರೆದ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಗಳಲ್ಲಿ ಭಾರತ ಬರೋದು ಬೀಟಲ್ಸ್‌ಗೆ ಸಿತಾರ್ ಕಲಿಸಿದ ದೇಶವಾಗಿ. ನಾನು ಆ ರೆಕಾರ್ಡ್ ಮೊದಲ ಸಲ ಕೇಳಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ, ಕ್ಯಾಬ್‌ನ ಹಿಂದಿನ ಸೀಟಲ್ಲಿ. ರಾಗ ಇಲ್ಲ, ತಾಳ ಇಲ್ಲ ಅನ್ನಿಸುವ ತುಣುಕುಗಳೂ ಇವೆ. ಇದು ಎಲ್ಲರಿಗೂ ಹಿಡಿಸುತ್ತೆ ಅಂತ ನಾನು ಸುಳ್ಳು ಹೇಳೋದಿಲ್ಲ. ಕೆಲವು ಕಡೆ ಯಂತ್ರ ಏನೇನು ಮಾಡುತ್ತೆ ಅಂತ ನೋಡುವ ಕುತೂಹಲ ಮಾತ್ರ ಕೇಳಿಸುತ್ತದೆ. ಆದರೆ ಕುತೂಹಲದ ದನಿ ಅಂದರೆ ಇದೇ ಅಲ್ವಾ? ಬಾಖ್‌ನನ್ನು ಮತ್ತೆ ನುಡಿಸುವ ಹಂಗು ಅವರಿಗಿರಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ಹತ್ತು ವರ್ಷದ ನಂತರ, 1979ರಲ್ಲಿ, ನಮ್ಮ ಬೆಂಗಳೂರಿನ ಎಂಜಿನಿಯರ್ ಮತ್ತು ಸಂಗೀತಗಾರ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ಒಂದು ಸಂಗೀತ ಸಮ್ಮೇಳನದಲ್ಲಿ ತೋರಿಸಿದರು. ಇವತ್ತು ಸಂಗೀತ ಪಾಠ ನಡೆಯುವ ಮನೆಗಳಲ್ಲಿ ಆ ಡಬ್ಬಿಯೋ ಅದರ ಮೊಬೈಲ್ ಆ್ಯಪೋ ಇದ್ದೇ ಇರುತ್ತೆ. ಅದನ್ನು ಯಾರೂ ಸಿಂಥಸೈಜರ್ ಅನ್ನೋದಿಲ್ಲ, ಆದರೆ ಎದುರಿದ್ದ ಸವಾಲು ಮಾತ್ರ ಮೂಗ್‌ಗಿದ್ದದ್ದೇ: ಮೀಟಿದ ತಂತಿಯ ಹಾಗೆ ಹುಟ್ಟಿ, ಅರಳಿ, ಆರುವ ದನಿಯನ್ನು ಟ್ರಾನ್ಸಿಸ್ಟರಿನಿಂದ ಹೊರಡಿಸೋದು ಹೇಗೆ? ನಮ್ಮಲ್ಲಿ ಅದು ಪ್ರಯೋಗಶಾಲೆಯಲ್ಲಿ ಉಳಿಯದೆ ದೇವರ ಮನೆ ಪಕ್ಕಕ್ಕೆ ಬಂದು ಕೂತಿತು ಅನ್ನೋದು ನನಗೆ ಖುಷಿ ಕೊಡುವ ಸಂಗತಿ.

ಅಷ್ಟರಲ್ಲಿ ಪಶ್ಚಿಮದಲ್ಲಿ ಕೈ ಇನ್ನಷ್ಟು ದೂರ ಸರಿದಿತ್ತು. 1977ರಲ್ಲಿ ಮ್ಯೂನಿಕ್‌ನಲ್ಲಿ ಜಾರ್ಜಿಯೋ ಮೊರೊಡರ್ ಮತ್ತು ಪೀಟ್ ಬೆಲಾಟ್, ಡಾನಾ ಸಮ್ಮರ್ ಹಾಡಿದ 'ಐ ಫೀಲ್ ಲವ್' ಮಾಡಿದರು. ಹಾಡಿನ ಆ ಓಡುವ ಬೇಸ್ ಪೂರಾ ಮೂಗ್ ಮಾಡ್ಯುಲರಿನದು, ಯಂತ್ರವೇ ಸ್ವರಗಳನ್ನು ಸರಣಿಯಾಗಿ ನುಡಿಸಿದ್ದು. ಮನುಷ್ಯ ಬೇಕಿಲ್ಲದ ಸಂಗೀತ ಅಂತ ಜನ ಹೊಗಳಿದರು, ಬೈದರು. ಆದರೆ ಯಂತ್ರವನ್ನು ಟೇಪಿಗೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಜೋಡಿಸುವ ಗುಟ್ಟು ಗೊತ್ತಿದ್ದದ್ದು ರಾಬಿ ವೆಡೆಲ್ ಎಂಬ ತಂತ್ರಜ್ಞನಿಗೆ. ಅವನಿಲ್ಲದೆ ಆ ಹಾಡಾಗುತ್ತಿರಲಿಲ್ಲ. ಇನ್ನು ಆ ಹಾಡಿನ ಕಿಕ್ ಡ್ರಮ್, ಅದನ್ನು ಕೀತ್ ಫೋರ್ಸಿ ಕಾಲಲ್ಲೇ ಬಾರಿಸಿದ್ದು. ಯಂತ್ರದ ಗುದ್ದಿಗೆ ಬೇಕಾದಷ್ಟು ತೂಕ ಸಿಗಲಿಲ್ಲವಂತೆ.

ಈಗ ನನ್ನ ಮೆಚ್ಚಿನ ಯಂತ್ರದ ಕಥೆಗೆ ಬರ್ತೀನಿ. 1981ರ ಕೊನೆಯ ಹೊತ್ತಿಗೆ ಜಪಾನಿನ ರೋಲಂಡ್ ಕಂಪನಿ ಟಿಬಿ-303 ಅನ್ನೋ ಬೆಳ್ಳಿಬಣ್ಣದ ಪುಟ್ಟ ಪೆಟ್ಟಿಗೆಯನ್ನು ಮಾರುಕಟ್ಟೆಗೆ ಬಿಟ್ಟಿತು. ವಿನ್ಯಾಸ ಮಾಡಿದವರು ತದಾವೊ ಕಿಕುಮೊಟೊ. ಒಬ್ಬನೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ಗಿಟಾರಿನ ಸಾಥ್ ಕೊಡಲಿ ಅನ್ನೋ ಉದ್ದೇಶ. ಆ ಉದ್ದೇಶಕ್ಕೆ ಇದಕ್ಕಿಂತ ಅಯೋಗ್ಯ ಯಂತ್ರ ಸಿಗೋದು ಕಷ್ಟ. ಬೇಸ್ ಗಿಟಾರಿನ ಹಾಗೆ ಅದು ಒಂದು ಕ್ಷಣವೂ ಕೇಳಿಸಲ್ಲ. ಅದರೊಳಗೆ ಸ್ವರ ತುಂಬಿಸೋದು ಆದಾಯ ತೆರಿಗೆ ಫಾರ್ಮ್ ತುಂಬಿದ ಹಾಗೆ: ಶ್ರುತಿಗಳನ್ನೆಲ್ಲ ಒಂದು ಸುತ್ತು, ಕಾಲವನ್ನು ಬೇರೆ ಇನ್ನೊಂದು ಸುತ್ತು. ಮಾರಾಟ ಬಿದ್ದುಹೋಯಿತು, 1984ರಲ್ಲಿ ಕಂಪನಿ ಉತ್ಪಾದನೆ ನಿಲ್ಲಿಸಿತು. ಒಟ್ಟು ತಯಾರಾದದ್ದು ಸುಮಾರು 10,000.

ಆದರೆ ಮೇಲುಗಡೆ ಆರು ನಾಬ್ ಇತ್ತು. ಮೊದಲನೆಯದು ಶ್ರುತಿಗೆ. ಎರಡನೆಯದು ಫಿಲ್ಟರಿನ ಗೆರೆಗೆ, ಮೂರನೆಯದು ರೆಸೊನೆನ್ಸಿಗೆ. ನಾಲ್ಕನೆಯದು, ಪ್ರತಿ ಸ್ವರ ಹುಟ್ಟುವಾಗ ಆ ಗೆರೆ ಎಷ್ಟು ಮೇಲಕ್ಕೆ ಜಿಗಿಯಬೇಕು ಅನ್ನೋದಕ್ಕೆ. ಐದನೆಯದು, ಜಿಗಿದದ್ದು ಎಷ್ಟು ಬೇಗ ಇಳಿಯಬೇಕು ಅನ್ನೋದಕ್ಕೆ. ಆರನೆಯದು ಕೆಲವು ಸ್ವರಗಳಿಗೆ ಹೆಚ್ಚಿನ ಒತ್ತು ಕೊಡೋದಕ್ಕೆ. ಜೊತೆಗೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ. ಸ್ವರಸರಣಿ ತಾನಾಗಿ ಸುತ್ತುತ್ತಾ ಇರುತ್ತೆ, ಎರಡೂ ಕೈ ಖಾಲಿ. ಖಾಲಿ ಇರೋ ಕೈ ಸುಮ್ಮನಿರುತ್ತಾ? ನಾಬ್ ಹತ್ರ ಹೋಗೇ ಹೋಗುತ್ತೆ.

ಷಿಕಾಗೋದಲ್ಲಿ ಆದದ್ದು ಅದೇ. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಮೂವರು ಕಪ್ಪು ಹುಡುಗರು 'ಫ್ಯೂಚರ್' ಅನ್ನೋ ತಂಡ ಕಟ್ಟಿಕೊಂಡಿದ್ದರು. ಸ್ಪ್ಯಾಂಕಿ ಸೆಕೆಂಡ್‌ಹ್ಯಾಂಡ್ 303 ಒಂದನ್ನು ಅಗ್ಗಕ್ಕೆ ತಂದ. ಅದು ಏನೋ ಒಂದು ಸರಣಿಯನ್ನು ಗೊಣಗುತ್ತಾ ಇತ್ತು. ಪಿಯರ್ ಸುಮ್ಮನೆ ನಾಬ್‌ಗಳನ್ನು ತಿರುಗಿಸತೊಡಗಿದ. ದನಿ ಕೂಗಿತು, ಅತ್ತಿತು, ಬಾಯಿ ಚಪ್ಪರಿಸಿತು. ಸ್ವರ ಒಂದೂ ಬದಲಾಗಲಿಲ್ಲ. ಹತ್ತು ನಿಮಿಷಕ್ಕೂ ಉದ್ದದ ಆ ರೆಕಾರ್ಡಿಂಗಿನ ಟೇಪನ್ನು ಮ್ಯೂಸಿಕ್ ಬಾಕ್ಸ್ ಅನ್ನೋ ಕ್ಲಬ್ಬಿನ ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಪಿಯರ್ ಹೇಳುವ ಕಥೆ ಹೀಗಿದೆ: ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದ ಜನ ಅಂಗಳ ಖಾಲಿ ಮಾಡಿದರು. ಹಾರ್ಡಿ ಅದೇ ರಾತ್ರಿ ಅದನ್ನೇ ಮತ್ತೆ ಹಾಕಿದ, ಮತ್ತೆ ಹಾಕಿದ. ನಾಲ್ಕನೇ ಸಲಕ್ಕೆ ಜನ ಹುಚ್ಚೆದ್ದು ಕುಣಿದರು. 1987ರಲ್ಲಿ ಅದು 'ಆ್ಯಸಿಡ್ ಟ್ರ್ಯಾಕ್ಸ್' ಅನ್ನೋ ಹೆಸರಲ್ಲಿ ರೆಕಾರ್ಡಾಗಿ ಬಂತು. ಆ್ಯಸಿಡ್ ಹೌಸ್ ಎಂಬ ಪ್ರಕಾರವೇ ಅದರ ಹಿಂದೆ ಹುಟ್ಟಿತು.

ಇಪ್ಪತ್ತು ವರ್ಷ ಎಲ್ಲರೂ ನಂಬಿದ್ದ ಕಥೆ ಇದು. ಅದರ ಪಕ್ಕಕ್ಕೆ ಮುಂಬೈಯ ಒಂದು ಎಲ್‌ಪಿ ಬಂದು ಕೂತಿತು.

ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ವಾದ್ಯವೃಂದದ ಕಲಾವಿದ. ಆರ್.ಡಿ. ಬರ್ಮನ್ ಅಂಥವರ ಹಾಡುಗಳಿಗೆ ಸ್ಟುಡಿಯೋದಲ್ಲಿ ನುಡಿಸಿದವರು. ಈಗಿನ ಹಾಗೆ ಆಗ ಕ್ಯಾಸೆಟ್ಟಿನ ಹೊದಿಕೆ ಮೇಲೆ ವಾದ್ಯಗಾರರ ಹೆಸರು ಹಾಕುವ ರೂಢಿ ಇರಲಿಲ್ಲ. ಮದುವೆ ಸಮಾರಂಭಗಳಲ್ಲಿ ಸಿನಿಮಾ ಹಾಡು ನುಡಿಸುವ ತಂಡವನ್ನೂ ನಡೆಸುತ್ತಿದ್ದರು. 1982. ಊರೆಲ್ಲ ಡಿಸ್ಕೋ. ಸಿಂಗ್ ರೋಲಂಡ್ ಕಂಪನಿಯ ಮೂರು ಯಂತ್ರ ಜೋಡಿಸಿಕೊಂಡರು: ತಾಳಕ್ಕೆ ಟಿಆರ್-808, ಬೇಸಿಗೆ ಟಿಬಿ-303, ಮೇಲಿನ ರಾಗಕ್ಕೆ ಜುಪಿಟರ್-8. ಭೈರವ್, ಲಲಿತ್, ಭೂಪಾಲಿ, ತೋಡಿ ಅಂತ ಹತ್ತು ರಾಗ ನುಡಿಸಿದರು. ಎಚ್‌ಎಂವಿ ಅದನ್ನು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್' ಅಂತ ಬಿಡುಗಡೆ ಮಾಡಿತು. ಯಾರೂ ಕೊಳ್ಳಲಿಲ್ಲ. ಶಾಸ್ತ್ರೀಯದವರಿಗೆ ಅದು ಡಿಸ್ಕೋ, ಡಿಸ್ಕೋದವರಿಗೆ ಅದು ಶಾಸ್ತ್ರೀಯ.

2002ರಲ್ಲಿ ಎಡೋ ಬೌಮನ್ ಎಂಬ ಡಚ್ ರೆಕಾರ್ಡ್ ಸಂಗ್ರಾಹಕನಿಗೆ ದೆಹಲಿಯಲ್ಲಿ ಇದರ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಅವನು ಅದನ್ನು ಮರುಮುದ್ರಿಸಿದ. ಕೇಳಿದವರು ಬೆಚ್ಚಿಬಿದ್ದರು. ಷಿಕಾಗೋಕ್ಕಿಂತ ಐದು ವರ್ಷ ಮೊದಲೇ ಅದೇ 303 ಅದೇ ಥರ ಬಾಯಿ ಚಪ್ಪರಿಸುತ್ತಿತ್ತು! 'ಆ್ಯಸಿಡ್ ಹೌಸ್ ಹುಟ್ಟಿದ್ದು ಭಾರತದಲ್ಲಿ' ಅನ್ನೋ ತಲೆಬರಹಗಳು ಬಂದವು. ನಮ್ಮ ಕಡೆ ವಾಟ್ಸ್ಆ್ಯಪ್‌ಗಳಲ್ಲಿ ಅದು ಪುಷ್ಪಕ ವಿಮಾನದ ಪಕ್ಕ ಜಾಗ ಪಡೆಯಿತು.

ಈ ತಲೆಬರಹ ನನಗೆ ಒಗ್ಗೋದಿಲ್ಲ. ಕಾರಣ ಇಷ್ಟೇ: ಷಿಕಾಗೋದ ಹುಡುಗರು ಮಾಡಿದ್ದು ಒಂದು ಸರಣಿಯನ್ನು ಹಾಗೇ ಬಿಟ್ಟು ಫಿಲ್ಟರನ್ನೇ ಕಥಾನಾಯಕ ಮಾಡಿದ್ದು. ಸಿಂಗ್ ಅವರ ಎಲ್‌ಪಿಯಲ್ಲಿ ಕಥಾನಾಯಕ ರಾಗ. 303ರ ಜಾರುವಿಕೆ ಅವರಿಗೆ ಬೇಕಾದದ್ದು ಹಿಂದೂಸ್ತಾನಿಯವರು ಮೀಂಡ್ ಅನ್ನುವ, ನಾವು ಜಾರು ಅನ್ನುವ ಕೆಲಸಕ್ಕೆ. ಫಿಲ್ಟರ್ ಆ ಜಾರಿಗೆ ಒಂದು ಕಂಠ ಕೊಡುತ್ತದೆ, ಅಷ್ಟೇ. ಒಂದೇ ಪೆಟ್ಟಿಗೆ, ಎರಡು ಊರು, ಎರಡು ಬೇರೆ ಕಿವಿ. ಅವರ ಟೇಪು ಇವರಿಗೆ ಸಿಕ್ಕಿರಲಿಲ್ಲ, ಇವರ ಎಲ್‌ಪಿ ಅವರು ಕೇಳಿರಲಿಲ್ಲ. ಯಾರು ಮೊದಲು ಅನ್ನೋ ಓಟದಲ್ಲಿ ಸಿಂಗ್ ಅವರನ್ನು ಗೆಲ್ಲಿಸೋ ಭರದಲ್ಲಿ ಅವರು ನಿಜವಾಗಿ ಮಾಡಿದ್ದೇನು ಅಂತ ಕೇಳೋದನ್ನೇ ಬಿಟ್ಟುಬಿಡ್ತೀವಿ. ಲಲಿತ್ ರಾಗದ ಆ ತುಣುಕನ್ನು ಒಮ್ಮೆ ಹಾಕಿ ನೋಡಿ. ಕೆಳಗೆ 303 ಬಿಡದೆ ಸುತ್ತುತ್ತಾ ಇರುತ್ತದೆ, ಮೇಲೆ ಎರಡೂ ಮಧ್ಯಮಗಳ ನಡುವೆ ಅವರ ಬೆರಳು ಓಡಾಡುತ್ತದೆ.

ಮರುಮುದ್ರಣ ಬಂದ ಹೊತ್ತಲ್ಲಿ ಇನ್ನೊಂದು ಮಾತೂ ಎದ್ದಿತ್ತು. ಇದು 1982ರ ರೆಕಾರ್ಡೇ ಅಲ್ಲ, ಯಾರೋ ಕಟ್ಟಿದ ಆಟ, ಆಫೆಕ್ಸ್ ಟ್ವಿನ್ ಅನ್ನೋ ಹೆಸರಿನ ಬ್ರಿಟಿಷ್ ಸಂಗೀತಗಾರನೇ ಗುಟ್ಟಾಗಿ ಮಾಡಿರಬೇಕು ಅಂತ. ಮುಂಬೈಯ ಒಬ್ಬ ವಾದ್ಯಗಾರ ಆ ಆರು ನಾಬ್‌ಗಳನ್ನು ತಾನಾಗೇ ಅರ್ಥ ಮಾಡಿಕೊಂಡಿರಬಹುದು ಅನ್ನೋದಕ್ಕಿಂತ ಇದನ್ನು ನಂಬೋದು ಅವರಿಗೆ ಸುಲಭವಾಗಿತ್ತು.

ಆಗ ಸಿಂಗ್ ಮುಂಬೈಯಲ್ಲೇ ಇದ್ದರು, ವಯಸ್ಸು ಎಪ್ಪತ್ತು. ಯುರೋಪಿನಿಂದ ಕರೆ ಬಂತು. ಹೋದರು. ಮೊಮ್ಮಕ್ಕಳ ವಯಸ್ಸಿನವರು ತುಂಬಿದ ಕ್ಲಬ್ಬುಗಳಲ್ಲಿ, ಮೂವತ್ತು ವರ್ಷ ಯಾರೂ ಕೇಳದಿದ್ದ ಆ ರಾಗಗಳನ್ನು ವೇದಿಕೆ ಮೇಲೆ ಕೂತು ಮತ್ತೆ ನುಡಿಸಿದರು. 2015ರ ಜುಲೈನಲ್ಲಿ ತೀರಿಕೊಂಡರು. ಅವರು ಬಳಸಿದಂಥ 303 ಒಂದು ಇವತ್ತು ಮಾರಾಟಕ್ಕೆ ಬಂದರೆ ಬೆಲೆ ಲಕ್ಷಗಳಲ್ಲಿ.